ಕೀ ಕೊಡೋವಾಗ ಹ್ಯಾಂಡ್ ಬ್ರೇಕೂ ಹೇಳ್ಕೊಡ್ರಪ್ಪ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪೇಪರ್‌ನಲ್ಲಿ ಹೊಸ ಕಾರುಗಳ ಬಗ್ಗೆ ಒಂದು ಇಡೀ ಪುಟ ಬಂದಿತ್ತು. ಸನ್‌ರೂಫ್ ಎಷ್ಟುದ್ದ, ಸ್ಕ್ರೀನ್ ಎಷ್ಟು ಇಂಚು, ಸೀಟಿನಿಂದ ತಂಪು ಗಾಳಿ ಬರುತ್ತೋ ಇಲ್ವೋ ಎಲ್ಲಾ ಬರೆದಿದ್ರಿ, ಓದಿ ಖುಷಿನೂ ಆಯ್ತು. ಆದ್ರೆ ಕೊನೇಲಿ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕೂ (ಅದೇ, ಬಟನ್‌ನಲ್ಲಿ ಹಾಕೋ ಹ್ಯಾಂಡ್ ಬ್ರೇಕು) ಇದೆ ಅಂತ ಒಂದೇ ಒಂದು ಸಾಲು ಗೀಚಿ ಮುಂದಕ್ಕೆ ಹೋಗಿಬಿಟ್ಟಿದ್ದೀರಲ್ಲ, ಆ ಒಂದು ಸಾಲಿನೊಳಗೆ ಏನೇನು ಅಡಗಿದೆ ಅಂತ ಗೊತ್ತಿಲ್ಲದೆ ನನ್ನ ಮಾನ ಚಿತ್ರದುರ್ಗದ ಒಂದು ಬೀದೀಲಿ ಹರಾಜಾಯ್ತು, ಅದಕ್ಕೇ ಈ ಕಾಗದ. ಉದ್ದ ಆಗುತ್ತೆ, ಕತ್ತರಿಸಬೇಡಿ.

ನಾನು ದಾವಣಗೆರೆಯವನು, ವಯಸ್ಸು 63, ಮಂಡಿಪೇಟೇಲಿ ಅಂಗಡಿ ಇಟ್ಕೊಂಡು ಜೀವನ ಮಾಡಿದೋನು. ಕಾರು ಕಲಿತಿದ್ದು ಮಾರುತಿ 800ರಲ್ಲಿ. ಎರಡು ಸೀಟಿನ ಮಧ್ಯೆ ಲಿವರ್ರು, ಕರ್ ಕರ್ ಕರ್ ಅಂತ ಐದಾರು ಹಲ್ಲು ಎಳೆದ್ರೆ ಕಾರು ಕೂತುಬಿಡ್ತಿತ್ತು. ಬ್ರೇಕ್ ಬಿದ್ದಿದೆಯಾ ಅಂತ ಯಾರನ್ನೂ ಕೇಳೋದು ಬೇಡ, ಲಿವರ್ ಮೇಲೆ ನಿಂತಿದ್ರೆ ಬಿದ್ದಿದೆ, ಮಲಗಿದ್ರೆ ಇಲ್ಲ, ಕತ್ತಲಲ್ಲಿ ಕೈ ಆಡಿಸಿದ್ರೂ ಗೊತ್ತಾಗೋದು. ಏಳೆಂಟು ಹಲ್ಲಿನ ತನಕ ಬರ್ತಿದೆ ಅಂದ್ರೆ ಕೇಬಲ್ ಲೂಸಾಗಿದೆ, ಗ್ಯಾರೇಜಿಗೆ ಬಿಡಬೇಕು ಅಂತ ಅರ್ಥ. ಅಶೋಕ ಟಾಕೀಸ್ ಹತ್ರ ರೈಲ್ವೆ ಗೇಟ್ ಹಾಕಿದ್ರೆ ಲಿವರ್ ಎಳೆದು ಕಾಲು ಚಾಚಿ ಕೂರ್ತಿದ್ದೋರು ನಾವು.

ಈಗ ಮಗ ತಗೊಂಡಿರೋ ಕಾರಲ್ಲಿ ಆ ಲಿವರ್ರೇ ಇಲ್ಲ. ಅದರ ಜಾಗದಲ್ಲಿ ಕಾಫಿ ಲೋಟ ಇಡೋಕೆ ಎರಡು ಗುಂಡಿ, ಪಕ್ಕದಲ್ಲಿ ಹೆಬ್ಬೆರಳಿನಷ್ಟು ಒಂದು ಬಟನ್ನು, ಅದರ ಮೇಲೆ ವೃತ್ತದೊಳಗೆ ಇಂಗ್ಲಿಷಿನ ಪಿ ಅಕ್ಷರ. ಮೇಲಕ್ಕೆ ಎತ್ತಿದ್ರೆ ಬ್ರೇಕ್ ಬೀಳುತ್ತೆ, ಕಾಲಲ್ಲಿ ಬ್ರೇಕ್ ತುಳಿದು ಕೆಳಕ್ಕೆ ಒತ್ತಿದ್ರೆ ಬಿಡುತ್ತೆ. ಅದು ಆಟೋಮ್ಯಾಟಿಕ್ ಗಾಡಿ, ಗೇರನ್ನ ಪಿಗೆ ಹಾಕಿ ಇಂಜಿನ್ ಆಫ್ ಮಾಡಿದ್ರೆ ಬಟನ್ ಮುಟ್ಟೋದೂ ಬೇಡ, ಹಿಂದಿನ ಗಾಲಿ ಕಡೆಯಿಂದ ಝುಂಯ್ ಅಂತ ಒಂದು ಸದ್ದು ಬಂದು ತಾನೇ ಹಾಕ್ಕೊಳ್ಳುತ್ತೆ. ಬೆಲ್ಟ್ ಹಾಕಿ, ಬಾಗಿಲು ಮುಚ್ಚಿ, ಡಿಗೆ ಹಾಕಿ ಆಕ್ಸಿಲರೇಟರ್ ಮುಟ್ಟಿದ್ರೆ ತಾನೇ ಬಿಟ್ಕೊಳ್ಳುತ್ತೆ. ಮೊದಲು ಹೆದರಿಕೆ, ಆಮೇಲೆ ಅಭ್ಯಾಸ, ಎಂಟು ತಿಂಗಳಾದ ಮೇಲೆ ನನ್ನ ಎಡಗೈಗೆ ಹ್ಯಾಂಡ್ ಬ್ರೇಕ್ ಅನ್ನೋದು ಒಂದಿದೆ ಅನ್ನೋದೇ ಮರೆತುಹೋಯ್ತು. ತಪ್ಪಾಗಿದ್ದು ಅಲ್ಲೇ ನೋಡ್ರಿ.

ಮಗಳ ಮನೆ ಚಿತ್ರದುರ್ಗದಲ್ಲಿ, ಜೋಗಿಮಟ್ಟಿ ರಸ್ತೆ ಕಡೆ. ದುರ್ಗದಲ್ಲಿ ಸಮತಟ್ಟು ಬೀದಿ ಹುಡುಕಬೇಕು ಅಂದ್ರೆ ಕಷ್ಟ, ಒಂದೋ ಏರು ಇಲ್ಲಾ ಇಳಿಜಾರು. ಮೊಮ್ಮಗನ ಜವಳ ಇತ್ತು, ಬೆಳಗ್ಗೆ ಆರೂವರೆಗೆ ಬಾಳೆಎಲೆ ಕಮ್ಮಿ ಬಿದ್ದಾವೆ ಅಂತ ಗಲಾಟೆ ಶುರುವಾಯ್ತು, ನಾನು ತರ್ತೀನಿ ಬಿಡ್ರಿ ಅಂತ ಅಳಿಯನ ಕಾರ್ ಕೀ ಇಸ್ಕೊಂಡು ಹೋದೆ. ಅದೂ ಹೊಸ ಕಾರೇ, ಬೇರೆ ಕಂಪನೀದು, ಗೇರ್ ಗಾಡಿ, ಆದ್ರೆ ಹ್ಯಾಂಡ್ ಬ್ರೇಕ್ ಮಾತ್ರ ಇದೇ ಬಟನ್ನು. ಎಲೆ ಕಟ್ಟು ಡಿಕ್ಕಿಗೆ ಹಾಕ್ಕೊಂಡು ಬಂದು ಮನೆ ಮುಂದೆ ನಿಲ್ಲಿಸಿದೆ. ನ್ಯೂಟ್ರಲ್ ಮಾಡಿದೆ, ಇಂಜಿನ್ ಆಫ್ ಮಾಡಿದೆ, ಇಳಿದೆ. ಕಾರೇನೋ ನಿಂತಿತ್ತು, ಮುಂದಿನ ಗಾಲಿ ರಸ್ತೆಯ ಒಂದು ಸಣ್ಣ ತಗ್ಗಲ್ಲಿ ಕೂತಿತ್ತು ಅಂತ ಆಮೇಲೆ ಗೊತ್ತಾಗಿದ್ದು. ಹಿಂದೆ ಬಂದು ಡಿಕ್ಕಿ ತೆಗೆದು ಎಲೆ ಕಟ್ಟು ಬಗಲಲ್ಲಿ ಇಟ್ಕೊಂಡು ಡಿಕ್ಕಿ ಧಡ್ ಅಂತ ಹಾಕಿದೆ ನೋಡ್ರಿ, ಆ ಏಟಿಗೆ ಕಾರು ತಗ್ಗಿನಿಂದ ಎದ್ದು ಮೆತ್ತಗೆ, ಬಹಳ ಮೆತ್ತಗೆ, ಮದುವೆ ಮೆರವಣಿಗೆ ಗಾಡಿ ಹೋದಂಗೆ ಮುಂದಕ್ಕೆ ಹೊರಟಿತು. ಒಂದು ಕ್ಷಣ ನನಗೆ ಯಾರೋ ಓಡಿಸ್ಕೊಂಡು ಹೋಗ್ತಿದ್ದಾರೆ ಅಂತಲೇ ಅನ್ನಿಸ್ತು. ಆಮೇಲೆ ಬಗಲಲ್ಲಿ ಎಲೆ ಕಟ್ಟು ಹಿಡ್ಕೊಂಡೇ ಓಡಿದೆ, ಓಡಿ ಏನು ಮಾಡ್ತಿದ್ದೆನೋ ಗೊತ್ತಿಲ್ಲ, ಒಂದು ಟನ್ ಮೇಲಿರೋ ಗಾಡೀನ ಕೈಯಲ್ಲಿ ಹಿಡಿಯೋಕಾಗುತ್ತಾ. ಹತ್ತು ಹದಿನೈದು ಮಾರು ಹೋಗಿ ಎದುರುಮನೆಯವರ ಬಟ್ಟೆ ಒಗೆಯೋ ಕಲ್ಲಿಗೆ ಗುದ್ದಿ ನಿಂತಿತು. ಆ ಕಲ್ಲಿನ ಆಚೆ ಎರಡು ಮಾರಲ್ಲಿ ಒಬ್ಬರು ಅಜ್ಜಿ ಚಾಪೆ ಹಾಸ್ಕೊಂಡು ಮೆಣಸಿನಕಾಯಿ ತೊಟ್ಟು ಬಿಡಿಸ್ತಿದ್ರು. ಕಾರು ಹಿಮ್ಮುಖ ನಿಂತಿದ್ದು ಹಿಂದಕ್ಕೆ ಉರುಳಿದ್ರೆ ಡಿಕ್ಕಿ ಹತ್ರ ನಿಂತಿದ್ದ ನಾನೇ ಅಡಿಗೆ ಹೋಗ್ತಿದ್ದೆ, ಅದು ಬೇರೆ ವಿಷಯ.

ಅಳಿಯ ಪಂಚೆ ಮೇಲೆ ಓಡಿಬಂದು ಮೊದಲು ಕೇಳಿದ್ದೇ "ಮಾವ, ಬಟನ್ ಎತ್ತಿರ್ಲಿಲ್ವಾ?"

"ಅದೇ ಹಾಕ್ಕೊಳ್ಳಲ್ವಾ ಅಳಿಯಂದ್ರೇ?"

"ಈ ಕಾರಲ್ಲಿ ಹಾಕ್ಕೊಳ್ಳಲ್ಲ ಮಾವ, ನಾವೇ ಎತ್ತಬೇಕು."

ಇಷ್ಟೇ ಸಂಪಾದಕರೇ ನನ್ನ ತಕರಾರು. ಬಟನ್ ಒಂದೇ ಥರ, ಮೇಲಿರೋ ಚಿತ್ರ ಒಂದೇ ಥರ, ನಡವಳಿಕೆ ಮಾತ್ರ ಒಂದೊಂದು ಕಾರಲ್ಲಿ ಒಂದೊಂದು ಥರ. ಕೆಲವು ಗಾಡಿ ಇಂಜಿನ್ ಆಫ್ ಮಾಡಿದ ತಕ್ಷಣ ತಾನೇ ಹಾಕ್ಕೊಳ್ಳುತ್ತೆ, ಕೆಲವು ಹಾಕ್ಕೊಳ್ಳಲ್ಲ, ಕೆಲವಲ್ಲಿ ಸ್ಕ್ರೀನ್ ಒಳಗೆ ಎಲ್ಲೋ ಒಂದು ಸೆಟ್ಟಿಂಗ್ ಇರುತ್ತೆ, ಅದನ್ನ ಯಾರಾದ್ರೂ ಆಫ್ ಮಾಡಿದ್ರೆ ಮುಗೀತು. ಹಳೇ ಲಿವರ್ ಯಾವ ಕಂಪನಿ ಕಾರಲ್ಲೂ ಒಂದೇ ಮಾತು ಹೇಳ್ತಿತ್ತು. ಈ ಬಟನ್ ಹಂಗಲ್ಲ, ಎತ್ತಿದ್ರೂ ಒತ್ತಿದ್ರೂ ಮತ್ತೆ ತನ್ನ ಜಾಗಕ್ಕೇ ಬಂದು ಕೂರುತ್ತೆ, ಅದರ ಮುಖ ನೋಡಿ ಏನೂ ಗೊತ್ತಾಗಲ್ಲ. ಮೀಟರ್‌ನಲ್ಲಿ ಕೆಂಪು ದೀಪ ಹತ್ತಿದೆಯಾ ಅಂತ ನೋಡಿದ್ರೇನೇ ಖಾತ್ರಿ, ಅದನ್ನ ನನಗೆ ಯಾರೂ ಹೇಳಿರ್ಲಿಲ್ಲ.

ಬೇಜಾರಾಗಿ ದಾವಣಗೆರೆಗೆ ವಾಪಸ್ ಬಂದ ಮೇಲೆ ನಮ್ಮ ಹಳೇ ಪರಿಚಯದ ಮೆಕ್ಯಾನಿಕ್ ಹತ್ರ ಹೋಗಿ ಕೂತು ಇದೇನು ಮಾಯೆ ಹೇಳಪ್ಪ ಅಂದೆ. ಅವನು ಒಂದು ಬಿಚ್ಚಿದ ಕ್ಯಾಲಿಪರ್, ಅಂದ್ರೆ ಗಾಲಿಯ ಡಿಸ್ಕನ್ನ ಪ್ಯಾಡಿನಿಂದ ಅದುಮಿ ಹಿಡಿಯೋ ಭಾಗ, ತಂದು ಕೈಗೆ ಕೊಟ್ಟ. ಹಿಂದಿನ ಎರಡೂ ಗಾಲಿ ಬ್ರೇಕಿಗೆ ಅಂಟಿಕೊಂಡಂಗೆ ಒಂದೊಂದು ಸಣ್ಣ ಮೋಟರ್ರು. ಬಟನ್ ಎತ್ತಿದ್ರೆ ಮೋಟರ್ ತಿರುಗಿ ಹಲ್ಲಿನ ಚಕ್ರಗಳ ಮೂಲಕ ಒಳಗಿನ ಒಂದು ಸ್ಕ್ರೂನ ತಿರುಗಿಸುತ್ತೆ, ಆ ಸ್ಕ್ರೂ ಪಿಸ್ಟನ್ನನ್ನ ತಳ್ಳಿ ಪ್ಯಾಡು ಡಿಸ್ಕನ್ನ ಕಚ್ಚೋ ಹಂಗೆ ಮಾಡುತ್ತೆ. ಆ ಝುಂಯ್ ಸದ್ದು ಇದೇನೇ. ಒಂದು ಸಲ ಕಚ್ಚಿದ ಮೇಲೆ ಕರೆಂಟ್ ಬೇಕಿಲ್ಲ, ಬಡಗಿ ಮರಕ್ಕೆ ಶಿಕಂಜೆ ತಿರುಗಿಸಿಟ್ಟು ಊಟಕ್ಕೆ ಹೋದ್ರೂ ಅದು ಹಿಡಿದೇ ಇರುತ್ತಲ್ಲ ಹಂಗೆ. ನನಗೆ ಇದ್ದ ದೊಡ್ಡ ಭಯ ರಾತ್ರಿ ಬ್ಯಾಟರಿ ಕೂತುಹೋದ್ರೆ ಬ್ರೇಕ್ ಬಿಟ್ಟು ಕಾರು ಉರುಳಿಬಿಡುತ್ತೇನೋ ಅಂತ. ಬಿಡಲ್ಲ. ಕಾರು ಓಡಿಸಿ ಬಂದಾಗ ಡಿಸ್ಕ್ ಕಾದಿರುತ್ತೆ, ತಣ್ಣಗಾದಾಗ ಕುಗ್ಗಿ ಹಿಡಿತ ಸಡಿಲ ಆಗಬಹುದು ಅಂತ ಕೆಲವು ಗಾಡೀಲಿ ಕಂಪ್ಯೂಟರ್ ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಸಲ ತಾನೇ ಬಿಗಿ ಮಾಡುತ್ತಂತೆ. ನಿಲ್ಲಿಸಿದ ಕಾರಿನಿಂದ ಆಗಾಗ ಝುಂಯ್ ಅನ್ನೋ ಸದ್ದು ಬಂದ್ರೆ ದೆವ್ವ ಅಲ್ಲ.

ಅಂದ್ರೆ ಸಾಮಾನು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಇದು ಇವತ್ತಿನದೂ ಅಲ್ಲ, 2001ರಲ್ಲೇ ಬಿಎಂಡಬ್ಲ್ಯೂ 7 ಸೀರೀಸ್‌ನಲ್ಲಿ ಬಂದಿತ್ತು, ನಮ್ಮಂಥ ಮಧ್ಯಮದವರ ಮನೆ ಬಾಗಿಲಿಗೆ ಈಗ ಬಂದಿದೆ ಅಷ್ಟೇ. ಒಳ್ಳೇದೂ ಇದೆ. ಮಾರುತೀಲಿ ನನ್ನ ಮಗ ಮೂರು ವರ್ಷದೋನಿದ್ದಾಗ ಲಿವರ್ ತುದಿ ಗುಂಡಿ ಒತ್ತಿ ಕೆಳಗಿಳಿಸಿ ಎದೆ ಝಲ್ ಅನ್ನಿಸಿದ್ದ, ಈ ಬಟನ್ನು ಕೀ ಆನ್ ಇಲ್ಲದೆ, ಕಾಲು ಬ್ರೇಕ್ ಮೇಲಿಲ್ಲದೆ ಕೆಳಗೊತ್ತಿದ್ರೆ ಬಿಡಲ್ಲ, ಮಕ್ಕಳಿರೋ ಮನೆಗೆ ದೊಡ್ಡ ಧೈರ್ಯ. ಭುಜನೋವಿನ ನನಗೆ ಲಿವರ್ ಎಳೆಯೋ ಕಷ್ಟ ತಪ್ಪಿತು. ಇನ್ನೊಂದು ನನಗೆ ಗೊತ್ತೇ ಇರಲಿಲ್ಲ. ಕಾಲಿನ ಬ್ರೇಕ್ ಕೈಕೊಟ್ರೆ ಅಥವಾ ಓಡಿಸೋರಿಗೆ ತಲೆಸುತ್ತು ಬಂದ್ರೆ ಪಕ್ಕದಲ್ಲಿ ಕೂತೋರು ಆ ಬಟನ್ ಎತ್ತಿ ಹಂಗೇ ಹಿಡ್ಕೊಂಡಿದ್ರೆ ಸಾಕು, ಗಾಡಿ ನಿಲ್ಲೋ ತನಕ ಬ್ರೇಕ್ ಹಾಕುತ್ತೆ. ಒಂದು ಸಲ ಎತ್ತಿ ಬಿಟ್ರೆ ಸಾಲದು, ಹಿಡ್ಕೊಂಡೇ ಇರಬೇಕು. ಹಳೇ ಲಿವರ್ ಓಡೋವಾಗ ಎಳೆದ್ರೆ ಹಿಂದಿನ ಗಾಲಿ ಮಾತ್ರ ಜಾಮ್ ಆಗಿ ಕಾರಿನ ಬಾಲ ತಿರುಗಿ ಬರ್ತಿತ್ತು, ಈಗಿನದರಲ್ಲಿ ಸಾಮಾನ್ಯವಾಗಿ ಕಂಪ್ಯೂಟರ್ ನಾಲ್ಕೂ ಗಾಲಿಗೆ ಬ್ರೇಕ್ ಹಂಚಿ ನೇರಕ್ಕೆ ನಿಲ್ಲಿಸುತ್ತೆ. ಮಗ ಊರಾಚೆ ಖಾಲಿ ಲೇಔಟ್‌ನಲ್ಲಿ ಇಪ್ಪತ್ತರ ಸ್ಪೀಡಲ್ಲಿ ಮಾಡಿ ತೋರಿಸಿದ, ಪೀಂ ಪೀಂ ಅಂತ ಕೂಗ್ತಾ ನಿಂತ್ಕೊಂತು, ನನ್ನ ಹೆಂಡ್ತಿ ಕೈಯಲ್ಲೂ ಎರಡು ಸಲ ಮಾಡಿಸಿದ್ವಿ. "ಇಷ್ಟು ದಿನ ಹೇಳ್ಬಾರ್ದಿತ್ತೇನ್ರೀ, ಹೈವೇಲಿ ನಿಮ್ಮ ಪಕ್ಕ ಜೀವ ಕೈಯಲ್ಲಿ ಹಿಡ್ಕೊಂಡು ಕೂರ್ತಿದ್ದೆ" ಅಂದ್ಲು. ನನಗೇ ಗೊತ್ತಿರಲಿಲ್ಲ ಕಣೇ ಅಂದೆ.

ಆಮೇಲೆ ಇನ್ನೊಂದು ಬಟನ್ ಇದೆಯಲ್ಲ ಪಕ್ಕದಲ್ಲೇ, ಆಟೋ ಹೋಲ್ಡ್ ಅಂತ, ಇದರಿಂದ ಇನ್ನೂ ಗೊಂದಲ. ಸಿಗ್ನಲ್‌ನಲ್ಲಿ ಬ್ರೇಕ್ ತುಳಿದು ನಿಲ್ಲಿಸಿದ್ರೆ ಹಸಿರು ದೀಪ ಹತ್ತುತ್ತೆ, ಕಾಲು ತೆಗೆದ್ರೂ ಕಾರು ಅಲ್ಲಾಡಲ್ಲ. ಪಿ.ಬಿ. ರೋಡಲ್ಲಿ ಸಂಜೆ ಹೊತ್ತು ಓಡಿಸೋರಿಗೆ ಇದು ದೇವರು ಕೊಟ್ಟ ವರ. ಆದ್ರೆ ಇದು ಹ್ಯಾಂಡ್ ಬ್ರೇಕ್ ಅಲ್ಲ. ಅಲ್ಲಿ ಹಿಡ್ಕೊಂಡಿರೋದು ಮೋಟರ್ ಅಲ್ಲ, ಕಾಲಿನ ಬ್ರೇಕಿನ ಆಯಿಲ್ ಒತ್ತಡ, ಅದಕ್ಕೇ ಹಿಂದಿನ ಬ್ರೇಕ್ ಲೈಟೂ ಉರೀತಾ ಇರುತ್ತೆ. ಸ್ವಲ್ಪ ಹೊತ್ತಾದ್ರೆ, ಇಲ್ಲಾ ಬೆಲ್ಟ್ ಬಿಚ್ಚಿದ್ರೆ ಬಾಗಿಲು ತೆಗೆದ್ರೆ ಸಾಮಾನ್ಯವಾಗಿ ಅದು ಪಾರ್ಕಿಂಗ್ ಬ್ರೇಕಿಗೆ ಜವಾಬ್ದಾರಿ ಒಪ್ಪಿಸುತ್ತೆ, ಆದ್ರೂ ಅದನ್ನ ನಂಬ್ಕೊಂಡು ಕಾರಿಂದ ಇಳಿಯೋದು ಬೇಡ. ಹಸಿರು ಇದ್ರೆ ಕೂತಿರಿ, ಕೆಂಪು ಬಂದ ಮೇಲೆ ಇಳೀರಿ, ಇಷ್ಟನ್ನ ನಾನೀಗ ಮನೇಲಿ ಎಲ್ಲರಿಗೂ ಕಂಠಪಾಠ ಮಾಡಿಸಿದ್ದೀನಿ. ಬೆಲ್ಟಿನ ಕಥೇನೂ ಇದೆ, ಸಂದಿಯಿಂದ ರಿವರ್ಸ್ ತೆಗೆಯೋವಾಗ ಬೆಲ್ಟ್ ಬಿಚ್ಚಿ ಬಾಗಿಲು ಅರ್ಧ ತೆಗೆದು ಹಿಂದೆ ಬಗ್ಗಿ ನೋಡೋ ಚಾಳಿ ನಮ್ಮೋರಿಗೆ, ಹಂಗೆ ಮಾಡಿದ್ರೆ ಬ್ರೇಕ್ ತಾನೇ ಬಿಡಲ್ಲ, ಗಾಡಿ ಕೆಟ್ಟಿದೆ ಅಂತ ಶೋರೂಮಿಗೆ ಫೋನ್ ಮಾಡ್ತಾರೆ. ಕೆಟ್ಟಿಲ್ಲ, ಬೆಲ್ಟ್ ಹಾಕ್ಕೊಳ್ರಿ.

ಬ್ಯಾಟರಿ ವಿಷಯಕ್ಕೆ ಬರ್ತೀನಿ, ಇದು ನಮ್ಮನೇಲೇ ಆಗಿದ್ದು. ನಾವೆಲ್ಲಾ ಇಪ್ಪತ್ತೈದು ದಿನ ಊರಲ್ಲಿ ಇರಲಿಲ್ಲ, ಕಾರು ಗೇಟಿನ ರ್ಯಾಂಪ್ ಮೇಲೆ ನಿಂತಿತ್ತು, ಮಗ ಅದ್ಯಾವುದೋ ಕ್ಯಾಮೆರಾ ಸದಾ ಆನ್ ಇರೋ ಹಂಗೆ ಸಿಕ್ಕಿಸಿದ್ದ. ಬಂದು ನೋಡಿದ್ರೆ ಬ್ಯಾಟರಿ ಪೂರ್ತಿ ಸತ್ತಿದೆ. ಅದೇ ಹೊತ್ತಿಗೆ ನೀರಿನ ಟ್ಯಾಂಕರ್ ಬಂದು ಗೇಟ್ ಮುಂದೆ ಹಾರ್ನ್ ಹೊಡೀತಿದೆ, ಸಂಪಿಗೆ ಪೈಪ್ ಹೋಗಬೇಕಂದ್ರೆ ಕಾರು ಸರೀಬೇಕು. ಬೀದಿ ಹುಡುಗ್ರು ಆರು ಜನ ಬಂದು ಐಸಾ ಅಂತ ತಳ್ಳಿದ್ರು, ಹಿಂದಿನ ಗಾಲಿ ಒಂದಿಂಚೂ ಕದಲ್ಲಿಲ್ಲ. ಲಿವರ್ ಕಾರಾಗಿದ್ರೆ ಇಳಿಸಿ ನ್ಯೂಟ್ರಲ್ ಮಾಡಿ ತಳ್ಳಿಬಿಡ್ತಿದ್ವಿ. ಇದರಲ್ಲಿ ಕರೆಂಟಿಲ್ಲ ಅಂದ್ರೆ ಮೋಟರ್ ತಿರುಗಲ್ಲ, ಮೋಟರ್ ತಿರುಗಲ್ಲ ಅಂದ್ರೆ ಕಚ್ಚಿದ್ದು ಬಿಡಲ್ಲ. ಟೋಚನ್ ಹಾಕಿ ಎಳೆಯೋಣ ಅಂದ ಟ್ಯಾಂಕರ್‌ನೋನು, ಪುಣ್ಯಕ್ಕೆ ಬೇಡ ಅಂದೆ, ಎಳೆದಿದ್ರೆ ಗಾಲಿ ಉಜ್ಜಿಕೊಂಡು ಬರ್ತಿತ್ತು. ಕೊನೆಗೆ ಪಕ್ಕದ ಮನೆ ಕಾರಿಂದ ಕೇಬಲ್ ಕೊಟ್ಟು ಜಂಪ್ ಸ್ಟಾರ್ಟ್ ಮಾಡಿದ್ವಿ, ಬ್ರೇಕ್ ದೀಪ ಪಿಳಿಪಿಳಿ ಅಂತಿತ್ತು, ಬ್ರೇಕ್ ತುಳಿದು ಒಂದು ಸಲ ಬಟನ್ ಎತ್ತಿ ಒಂದು ಸಲ ಒತ್ತಿದ ಮೇಲೆ ಸುಮ್ಮನಾಯ್ತು. ಟ್ಯಾಂಕರ್‌ನೋನು ಅಷ್ಟರಲ್ಲಿ ಮುಂದಿನ ಮನೆಗೆ ಹೋಗಿದ್ದ. ಜಾಸ್ತಿ ದಿನ ಊರಿಗೆ ಹೋಗೋರು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ದಾರಿಗೆ ಅಡ್ಡ ನಿಲ್ಲಿಸಬೇಡಿ, ಮನೇಲಿ ಒಂದು ಜೊತೆ ಜಂಪ್ ಕೇಬಲ್ ಇಟ್ಕೊಳ್ರಿ.

ಬ್ರೇಕ್ ಪ್ಯಾಡ್ ಬದಲಾಯಿಸೋದೂ ಹಂಗೇ. ನಮ್ಮ ಮಂಡಿ ಗೆಳೆಯರೊಬ್ಬರು ಹಿಂದಿನ ಪ್ಯಾಡ್ ಸವೆದಿದೆ ಅಂತ ಯಾವುದೋ ಗ್ಯಾರೇಜಲ್ಲಿ ಕೊಟ್ರು, ಅಲ್ಲಿನ ಹುಡುಗ ಹಳೇ ಪದ್ಧತಿ ಪ್ರಕಾರ ಕ್ಲ್ಯಾಂಪ್ ಹಾಕಿ ಪಿಸ್ಟನ್ನನ್ನ ಬಲವಂತವಾಗಿ ಒಳಕ್ಕೆ ನೂಕಿದ. ಒಳಗೆ ಸ್ಕ್ರೂ ಇನ್ನೂ ಹೊರಗೇ ಇದೆ, ಅದು ಹೆಂಗೆ ಹೋಗುತ್ತೆ. ಪ್ಯಾಡಿನ ಖರ್ಚಲ್ಲಿ ಮುಗೀಬೇಕಾದ ಕೆಲಸ ಕ್ಯಾಲಿಪರ್ ಬದಲಾಯಿಸೋ ಮಟ್ಟಕ್ಕೆ ಹೋಯ್ತು. ಮೊದಲು ಕಾರಿನ ಕಂಪ್ಯೂಟರ್ ಜೊತೆ ಮಾತಾಡೋ ಸ್ಕ್ಯಾನರ್ ಹಾಕಿ, ಇಲ್ಲಾ ಆ ಕಾರಿಗೆ ಹೇಳಿರೋ ಕ್ರಮದಲ್ಲಿ ಸರ್ವಿಸ್ ಮೋಡ್‌ಗೆ ತಂದು ಮೋಟರ್ ಪೂರ್ತಿ ಹಿಂದಕ್ಕೆ ಹೋಗೋ ಹಂಗೆ ಮಾಡಿ ಆಮೇಲೆ ಕೈ ಹಾಕಬೇಕು. ನಮ್ಮ ಮೆಕ್ಯಾನಿಕ್ ಹೇಳಿದ್ದು, "ಯಜಮಾನ್ರೇ, ಸ್ಕ್ಯಾನರ್ ಇಲ್ಲದೋನು ಇದಕ್ಕೆ ಸ್ಪ್ಯಾನರ್ ಹಾಕಬಾರದು."

ಕಾನೂನಿನ ಮಾತೂ ಹೇಳಿಬಿಡ್ತೀನಿ, ಪೇಪರ್‌ನೋರಿಗೆ ಅದು ಬೇಕಲ್ಲ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇರೋರು ಡ್ರೈವರ್ ಸೀಟಲ್ಲಿ ಇಲ್ಲ ಅಂದ್ರೆ ಇಂಜಿನ್ ಆಫ್ ಮಾಡಿ ಬ್ರೇಕ್ ಹಾಕಿ, ಇಲ್ಲಾ ಬೇರೆ ಏನಾದ್ರೂ ಮಾಡಿ ಗಾಡಿ ತಾನಾಗೇ ಚಲಿಸದಂಗೆ ನೋಡ್ಕೊಳ್ಳದೆ ಸಾರ್ವಜನಿಕ ಜಾಗದಲ್ಲಿ ನಿಲ್ಲಿಸೋ ಹಂಗಿಲ್ಲ. ಅಂದ್ರೆ ಅವತ್ತು ದುರ್ಗದಲ್ಲಿ ನಾನು ಮಾಡಿದ್ದು ಬರೀ ದಡ್ಡತನ ಅಲ್ಲ, ಕಾನೂನು ಪ್ರಕಾರವೂ ತಪ್ಪೇ, ಕಾರು ತಾನೇ ಬ್ರೇಕ್ ಹಾಕ್ಕೊಳ್ಳುತ್ತೆ ಅಂದ್ಕೊಂಡಿದ್ದೆ ಸಾರ್ ಅಂದ್ರೆ ಯಾರು ಕೇಳ್ತಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮದಲ್ಲಿ ಲೈಸೆನ್ಸ್ ಪರೀಕ್ಷೆ ವಿಷಯ ಬರುತ್ತೆ, ಕಡಿದಾದ ಏರಲ್ಲಿ ನಿಲ್ಲಿಸಿ ಹಿಂದಕ್ಕೆ ಉರುಳದಂಗೆ ಮತ್ತೆ ಹೊರಡಿಸೋಕೆ ಬರಬೇಕು ಅಂತ, ಅಲ್ಲಿ ಹ್ಯಾಂಡ್ ಬ್ರೇಕ್ ಹೆಸರೂ ಇದೆ. ಅದು ಲಿವರ್ ಕಾಲದ ಮಾತು. ಡ್ರೈವಿಂಗ್ ಸ್ಕೂಲಿಗೆ ಹೋದ ನಮ್ಮ ಪಕ್ಕದ ಮನೆ ಹುಡುಗಿ ಲಿವರ್ ಇರೋ ಗಾಡೀಲಿ ಕಲಿತು ಪಾಸಾದ್ಲು, ಮನೇಲಿ ಬಟನ್ ಗಾಡಿ. ಇಪ್ಪತ್ತು ದಿನದ ಕ್ಲಾಸಲ್ಲಿ ಒಂದೇ ಒಂದು ದಿನ ಬಟನ್ ಗಾಡೀಲಿ ಕೂರಿಸ್ರಪ್ಪ.

ಶೋರೂಮಿನೋರಿಗಂತೂ ನೇರವಾಗಿ ಹೇಳೋದು. ಕಾರ್ ಡೆಲಿವರಿ ದಿನ ಏನು ವೈಭವ ಅಂತೀರಿ, ಮೇಲೆ ಹೊದಿಸಿದ ಬಟ್ಟೆ ಎಳೆಸ್ತಾರೆ, ಕೇಕ್ ಕತ್ತರಿಸ್ತಾರೆ, ಬಾಗಿಲಷ್ಟು ದೊಡ್ಡ ರಟ್ಟಿನ ಕೀ ಕೈಗೆ ಕೊಟ್ಟು ಫೋಟೋ ತೆಗೀತಾರೆ, ಪೂಜೆ ಮಾಡಿ ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಡಿಸ್ತಾರೆ. ಆಮೇಲೆ ಒಬ್ಬ ಹುಡುಗ ಬಂದು ಹದಿನೈದು ನಿಮಿಷ ಫೋನ್‌ಗೆ ಬ್ಲೂಟೂತ್ ಜೋಡಿಸಿಕೊಟ್ಟು, ಹಾಡು ಹಾಕಿ ತೋರಿಸಿ, ಸ್ಟಾರ್ ಜಾಸ್ತಿ ಕೊಡಿ ಅಂಕಲ್ ಅಂತ ಹೋಗ್ತಾನೆ. ಬ್ರೇಕ್ ಬಗ್ಗೆ ಒಂದು ಅಕ್ಷರ ಇಲ್ಲ. ನಮಗೆ ಕೊಟ್ಟ ಪುಸ್ತಕ ಇಟ್ಟಿಗೆ ದಪ್ಪ ಇದೆ, ಅದೂ ಇಂಗ್ಲಿಷಲ್ಲಿ. ಬೇಡ, ಪುಸ್ತಕ ಬೇಡ, ಕನ್ನಡದಲ್ಲಿ ಒಂದು ಹಾಳೆ ಪ್ರಿಂಟ್ ಮಾಡಿಸಿ ಕೊಡಿ. ಈ ಕಾರಲ್ಲಿ ಇಂಜಿನ್ ಆಫ್ ಮಾಡಿದ್ರೆ ಬ್ರೇಕ್ ತಾನೇ ಬೀಳುತ್ತಾ ಇಲ್ವಾ, ಬ್ಯಾಟರಿ ಸತ್ರೆ ಏನು ಮಾಡಬೇಕು, ಈ ಬ್ರೇಕ್ ಕೆಟ್ಟಿದೆ ಅಂತ ಹಳದಿ ದೀಪ ಬಂದ್ರೆ ಯಾರಿಗೆ ಫೋನ್ ಮಾಡಬೇಕು, ಓಡೋವಾಗ ಬಟನ್ ಹಿಡ್ಕೊಂಡ್ರೆ ಏನಾಗುತ್ತೆ. ಆ ರಟ್ಟಿನ ಕೀ ಖರ್ಚಿಗಿಂತ ಕಮ್ಮೀಲೇ ಆಗುತ್ತೆ.

ನನ್ನ ಮಟ್ಟಿಗೆ ಹೇಳೋದಾದ್ರೆ ಈಗ ಯಾವ ಕಾರಾದ್ರೂ ಸರಿ, ತಾನೇ ಹಾಕ್ಕೊಳ್ಳೋದಾದ್ರೂ ಸರಿ, ಕಾಲು ಬ್ರೇಕ್ ಮೇಲಿದ್ದಾಗಲೇ ಬಟನ್ ಎತ್ತಿ, ಕೆಂಪು ದೀಪ ನೋಡಿ, ಆಮೇಲೆ ಪಿಗೆ ಹಾಕಿ, ಗೇರ್ ಗಾಡಿಯಾದ್ರೆ ಇಳಿಜಾರಲ್ಲಿ ರಿವರ್ಸು ಏರಲ್ಲಿ ಫಸ್ಟು ಹಾಕಿ ಇಳೀತೀನಿ. ದುರ್ಗಕ್ಕೆ ಹೋದ್ರೆ ಅದರ ಮೇಲೆ ಗಾಲಿಗೊಂದು ಕಲ್ಲೂ ಕೊಡ್ತೀನಿ. ಮಗ ನಗ್ತಾನೆ, ನಗಲಿ.

ಅಳಿಯನ ಕಾರಿನ ಮುಂದಿನ ಬಂಪರ್ ಇನ್ನೂ ರಿಪೇರಿ ಆಗಿಲ್ಲ, ನಾನು ದುಡ್ಡು ಕೊಡ್ತೀನಿ ಅಂದ್ರೆ ಇರ್ಲಿ ಬಿಡಿ ಮಾವ ಅಂತಾನೆ, ಇರ್ಲಿ ಅಂತ ಬಿಟ್ರೆ ಹಬ್ಬಕ್ಕೆ ಹೋದಾಗಲೆಲ್ಲಾ ಅದೇ ನನ್ನ ಮುಖ ನೋಡುತ್ತೆ. ಕಾಗದ ಹಾಕಿದ್ರೆ ದಯವಿಟ್ಟು ಹೆಸರು ಮಾತ್ರ ಹಾಕಬೇಡಿ, ಅವರ ಬೀದಿಗೂ ನಿಮ್ಮ ಪೇಪರ್ ಬರುತ್ತೆ. ಒಗೆಯೋ ಕಲ್ಲಿಗೆ ಏನೂ ಆಗಿಲ್ಲ, ದುರ್ಗದ ಕಲ್ಲು.

ಇಂತಿ,
ಮಂಡಿಪೇಟೆಯ ಒಬ್ಬ ಹಳೇ ಓದುಗ,
ದಾವಣಗೆರೆ